ಈ ಮಾತು ನನಗ ಬರೂದಿಲ್ಲ

ಅಶೋಕ ಚೌಕದ ಹಿಂದ, ಸೋಲಾಪುರ. ಮಧ್ಯಾಹ್ನ ಮೂರು.
ಅಂಗಡಿಯ ಗೋಡಿಗೆಲ್ಲ ಮಗ್ಗದ ಸಪ್ಪಳ ಅಂಟಿಕೊಂಡದ.
ಯೆಮುಲ ಅಂಬಾದಾಸ ಚಾದರದ ತುಂಡಿನ್ಯಾಗ ಸುತ್ತಿ ತಂದಾನ
ಹದಿನಾಲ್ಕು ವರ್ಷದ ಡಿಸ್ಕು.
"ನಮ್ಮ ಜಕಾರ್ಡು ಇದನ್ನ ಬಿಟ್ಟು ಬ್ಯಾರೇದು ತಿನ್ನೂದಿಲ್ಲ.
ಹಳೇ ಲೆಕ್ಕ ಅಳಸ್ರಿ, ಹೊಸಾ ನವಿಲು ತುಂಬ್ರಿ."

ತಂತಿ ಹಚ್ಚಿದೆ. ಡ್ರೈವರ ಮಾತಿಗೆ ಕೂತ.
(ಗಾಡಿ ಹೊಡೆಯಾಂವ ಅಲ್ಲ. ಗಣಕಕ್ಕೂ ಡಿಸ್ಕಿಗೂ ನಡುವ ನಿಂತು
ಅತ್ತಿಂದಿತ್ತ ಮಾತು ಸಾಗಸಾಂವ.)
ಹೆಸರೇನು? ಹೇಳಿತು.
ಎಷ್ಟು ಹಿಡಿತಿ? ಹೇಳಿತು.
ಇಷ್ಟು ಜಾಗ ಇನ್ನ ಬ್ಯಾಡ, ಒಂದ ಮಾತಿಗೆ ಮರತುಬಿಡ್ತಿಯೇನು?
ಒಳಗಿನ ತಾಟು ಒಂದು ಸುತ್ತು ಸುಮ್ಮನ ತಿರುಗಿ
ಕರೀ ಪರದೆ ಮ್ಯಾಲ ಸಾಲು ಮೂಡಿತು: ಇಲ್ಲೀಗಲ್ ರಿಕ್ವೆಸ್ಟ್.

ಅಂಬಾದಾಸ ಕುರ್ಚಿ ಬಿಟ್ಟು ಎದ್ದ:
"ಇಲ್ಲೀಗಲ್? ಪೊಲೀಸ್ ಕೇಸೇನ್ರೀ? ಬಿಲ್ಲ ಅದ ನನ್ನ ಹತ್ರ!"

ಕೇಸಲ್ಲಪಾ. ಈ ಮಾತು ನನಗ ಬರೂದಿಲ್ಲ ಅಂತದ, ಅಷ್ಟ.
ಅದು ಹುಟ್ಟಿದ ಕಾರಖಾನ್ಯಾಗ ಕಲಿಸಿದ್ದಿಲ್ಲ.

ಡ್ರೈವರನ ಗುಣ ನೋಡು. ಸಿಟ್ಟಾಗಲಿಲ್ಲ. ಎರಡನೇ ಸಲ ಕೇಳಲಿಲ್ಲ.
ಡಿಸ್ಕಿನ ಹೆಸರಿನ ಮುಂದ ಸಣ್ಣದೊಂದು ಗುರುತು ಹಾಕಿದ,
ಇದನ್ನ ಹಿಂಗ ಕೇಳಬಾರದು ಅಂತ,
ಮತ್ತ ಹಳೇ ಹಾದಿ ಹಿಡದ:
ಸೊನ್ನಿ, ಸೊನ್ನಿ, ಸೊನ್ನಿ, ಒಂದೊಂದು ಮನೀಗೆ ಒಂದೊಂದು,
ಹೊಲಿಗಿ ಬಿಚ್ಚೂ ಮುದುಕಿಯಂಗ.

ನಾನೂ ಅಂಬಾದಾಸನೂ ಹಿಂಗ.
ಅವನ ಮನ್ಯಾಗ ತೆಲುಗು, ನನ್ನ ಮನ್ಯಾಗ ಇದು.
ರೊಕ್ಕದ ಮಾತು ಬಂತಂದ್ರ ಇಬ್ಬರೂ ಮರಾಠಿಗೆ ಇಳೀತೀವಿ.

ನಮ್ಮವ್ವಗ ಮರಾಠಿ ಒಂದ ಶಬ್ದ ಬರ್ತಿತ್ತು: ಹೋ.
ಅಕ್ಕಲಕೋಟದ ಕಚೇರ್ಯಾಗ ಕಾರಕೂನ ಓದಿದ, ಕೇಳಿದ,
ಅವ್ವ ಹೋ ಅಂದ್ಲು. ಇನ್ನೊಂದು ಓದಿದ. ಹೋ.
ಹೆಬ್ಬೆಟ್ಟು ಒತ್ತಿ, ಸೆರಗಿಗೆ ಮಸಿ ಒರಸಿಕೊಂಡು ಬಂದ್ಲು.
ಬಾವಿ ಕಡಿ ಒಂದೂವರಿ ಎಕರೆ ಕೈಬಿಟ್ಟಿತ್ತು.
"ಹೋ ಅಂದೆ, ಹೋತು" ಅಂತ ಸಾಯೂತನಕ ನಗತಿದ್ಲು.
ಆ ನಗಿ ನನಗ ಇವತ್ತಿಗೂ ತಡಕೊಳ್ಳಲಿಕ್ಕಾಗೂದಿಲ್ಲ.

ಬರೂದಿಲ್ಲ ಅನ್ನೂ ಡಿಸ್ಕಿಗೆ ಅದಕ್ಕ ನಾ ಅಂಜೂದಿಲ್ಲ.
ಇನ್ನೂರು ರೂಪಾಯಿ ಡಬ್ಬಿ ಅವ ನೋಡು, ಏನ ಕೇಳಿದ್ರೂ ಒಪ್ಪುವಂಥವು,
ಅವಕ್ಕ ಅಂಜ್ತೀನಿ.
ಬರದಿ? ಹೋ.
ಬಾಯಾಗಿಂದು ನುಂಗಿದಿ? ಹೋ.
ಕರೆಂಟ್ ಹೋದಮ್ಯಾಲ ನೋಡಿದ್ರ ಎಲ್ಲಾ ಬಾಯಾಗ ಇತ್ತು.

ಡ್ರೈವರ ಇದನ್ನೂ ಕೇಳಿದ ಅಂಬಾದಾಸನ ಡಿಸ್ಕಿಗೆ:
ಬರಿಯೂಕಿಂತ ಮೊದಲ ಏನರ ಬಾಯಾಗ ಇಟ್ಕೋತಿಯೇನು?
ಆ ಪುಟಾನ ನನ್ನ ಹತ್ರ ಇಲ್ಲ, ಅಂತು.
ಹಂಗಾದ್ರ ಇಟ್ಕೊಳ್ಳೂದಿಲ್ಲ ಅಂತ ತಿಳೀತೀನಿ,
ಅಂತ ಬರಕೊಂಡು ಡ್ರೈವರ ಮುಂದಕ್ಕ ಹೋದ.
ತಿಳೀತೀನಿ.
ಆ ಶಬ್ದದ ಮ್ಯಾಲ ನನ್ನ ಬಟ್ಟು ನಿಂತದ.
ಕಾರಕೂನನೂ ಹಂಗ ತಿಳದಿದ್ದ ಕಾಣತದ.

ಆರಕ್ಕ ಕಡೇ ನವಿಲು ಇಳೀತು. ಅಂಬಾದಾಸ ಕೈ ಚಾಚಿದ.
ತಡಿ, ಅಂದೆ.
ಡಿಸ್ಕಿಗೆ ನಿಲ್ಲು ಅಂದೆ. ಆ ಮಾತು ಅದಕ್ಕ ಬರ್ತದ.
ಕಿವಿ ಹಚ್ಚಿ ಕೂತೆ,
ಊರಿನ ಮಗ್ಗದ ಸಪ್ಪಳದ ಕೆಳಗ
ತಾಟು ತಿರಗೂದು ಸಣ್ಣಾಗೂದನ್ನ ಹುಡುಕ್ಕೋತ.