ಎಸ್‌ನ ಪಕ್ಕದ ಕೊಂಕು

ಸೊಹಾರಿನ ಈ ಲಾಂಡ್ರಿಯಲ್ಲಿ ಒಗೆಯುವುದಕ್ಕಿಂತ
ಯಾರದೆಂದು ಬರೆಯುವುದೇ ಕಷ್ಟ.
ಕಾಲರಿನ ಒಳಗೆ, ಅಳಿಯದ ಶಾಯಿಯಲ್ಲಿ
ಹೆಸರು, ಅದರ ನೆತ್ತಿಗೊಂದು ಕೊಂಕು,
ನಮ್ಮ ಕೊಂಬಿನ ತಮ್ಮನಂಥದ್ದು, ಆಮೇಲೆ ಎಸ್.
ಕೌಂಟರಿನ ಮಾರಿಸೆಲ್ ಹೇಳಿಕೊಟ್ಟಳು:
ಅದು ಮೊಳೆ ಅಂದುಕೋ,
ಅಂಗಿಯನ್ನು ಒಡೆಯನಿಗೆ ತೂಗುಹಾಕುವ ಮೊಳೆ.

ಒಬ್ಬ ಡ್ರೈವರನ ಅಂಗಿಗೆ ಎಸ್‌ಗಿಂತ ಮೊದಲು.
ಎಂಟು ಡ್ರೈವರುಗಳ ಕೋಣೆಯ ಪರದೆಗೆ ಎಸ್ ಆದಮೇಲೆ:
ಎಲ್ಲರೂ ಬಂದು ಮಲಗಲಿ,
ಕೊನೆಗೆ ಚಿಲಕ.

ಹಿಂಬಾಗಿಲಲ್ಲಿ ಬೆಕ್ಕು ಬಾಲ ನೆಕ್ಕುತ್ತಿತ್ತು.
ಅದರ ಬಾಲ ಅನ್ನಲು ಕೊಂಕು ಬೇಡವಂತೆ,
ಹಾಕಿದರೆ ‘ಅದು ಬಾಲ’ ಅಂತಾಗುತ್ತದಂತೆ.
ಯಾಕೆ ಅಂದೆ. ಮಾರಿಸೆಲ್‌ಗೂ ಗೊತ್ತಿಲ್ಲ.
ಬೆಕ್ಕಿಗೆ ಟ್ಯೂನಾ ಹಾಕಿದಳು.

ನಮ್ಮಿಬ್ಬರ ಹೆಸರಿನದೇ ತಂಟೆ.
ನಾನು ಉಪ್ಪಿನಂಗಡಿಯ ಇಲ್ಯಾಸ್,
ಇಸ್ತ್ರಿಯವನು ಶಿರ್ವದ ಎಲಿಯಾಸ್.
ಎಸ್‌ನಲ್ಲೇ ಮುಗಿದ ಹೆಸರಿಗೆ
ಇನ್ನೊಂದು ಎಸ್ ಬೇಕೋ ಬೇಡವೋ,
ಮೂರು ರಾತ್ರಿ ಜಗಳ.
ನನ್ನ ಪ್ರಾರ್ಥನೆ ಪುಸ್ತಕದಲ್ಲಿ
ಯೇಸುವಿಗೇ ಕೊಟ್ಟಿಲ್ಲ ಮಾರಾಯ,
ನಮಗ್ಯಾಕೆ, ಅಂದ.

ಅರ್ಧರ್ಧ ಹಾಕಿ ಕೆಟಲ್ ಕೊಂಡೆವು, ನಾಲ್ಕು ರಿಯಾಲ್.
ಒಂದೇ ವಸ್ತು ಇಬ್ಬರಿಗೂ ಸೇರಿದ್ದಾದರೆ
ಕೊನೆಯ ಹೆಸರಿಗೆ ಮಾತ್ರ ಕೊಂಕು, ಅಂದಳು ಅವಳು.
ಮೊದಲಿನವನಿಗೆ?
ಅವನ ಪಾಲೂ ಅದರಲ್ಲೇ ಬಂತು.
ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬರೆದೆ:
ಇಲ್ಯಾಸ್, ಮತ್ತು, ಎಲಿಯಾಸ್, ಕೊಂಕು.

ಕನ್ನಡದಲ್ಲಿ ಈ ಮೊಳೆ ಇಲ್ಲ.
‘ನನ್ನದು’ ಅನ್ನಬಹುದು ಎಷ್ಟು ದೂರದಿಂದಲೂ;
‘ಇದೆ’ ಅನ್ನಲು ಮಾತ್ರ ಹತ್ತಿರ ಇರಬೇಕು.
ಪಾಸ್‌ಪೋರ್ಟ್ ನನ್ನದು.
ಅರ್ಬಾಬನ ಹತ್ತಿರ ಇದೆ.

ಏಪ್ರಿಲ್‌ನಲ್ಲಿ ಎಲಿಯಾಸನ ವೀಸಾ ಮುಗಿಯಿತು.
ಅರ್ಬಾಬ್ ಬೀರು ತೆಗೆದು ಅವನದನ್ನು ಅವನ ಕೈಗಿತ್ತ.
ಮೂವತ್ತು ಕಿಲೋಗೆ ಎಲ್ಲ ತೂಗಿ ತುಂಬಿ,
ಕೆಟಲ್ ಎತ್ತಿ, ಇಳಿಸಿ,
ನಿನ್ನದೇ ಇಟ್ಕೋ, ಅಂದ.

ಶಾಯಿ ಅಳಿಯುವುದಿಲ್ಲ, ಅದೇ ನಮ್ಮ ಅಂಗಡಿಯ ಹೆಮ್ಮೆ.
ವಿನೆಗರ್ ಹಾಕಿ ಉಜ್ಜಿ ನೋಡಿದೆ ಒಂದು ಸಲ,
ಯಾಕೆಂದು ಕೇಳಬೇಡಿ.
ಕೊಂಕು ಅವನ ಹೆಸರಿಗೇ ಇದೆ.
ನನ್ನದು ಪಕ್ಕದಲ್ಲಿ, ಏನನ್ನೂ ಹಿಡಿಯದೆ.

ಹೊಸಬ ಬಂದಿದ್ದಾನೆ, ಸಿಲ್ಹೆಟ್ ಕಡೆಯ ರಕೀಬ್.
ಕೆಟಲ್ ಯಾರದು, ಎಂದ ಹರಕು ಹಿಂದಿಯಲ್ಲಿ.
ಬರೆದಿದೆಯಲ್ಲ, ಓದು, ಅಂದೆ.
ಅವನಿಗೆ ಇಂಗ್ಲಿಷ್ ಅಕ್ಷರ ಬರದು;
ಬೆರಳಿಟ್ಟು ಹುಡುಕುತ್ತ ಬಂದು
ಕೊಂಕಿನ ಮೇಲೆ ನಿಲ್ಲಿಸಿ, ಇದು ಕೊಳೆಯಾ, ಅಂದ.

ನೀರು ಕುದಿದಿತ್ತು.
ಸಕ್ಕರೆ ಎಷ್ಟು, ಎಂದೆ.