ಹಗುರ ಕಲ್ಲು

ನೋಡಾಕ ನಮ್ಮ ಇಟ್ಟಂಗಿಯಷ್ಟ. ಎತ್ತಿದ್ರ
ಟೊಂಕ ತನ್ನ ವಯಸ್ಸು ಹೇಳತೈತಿ.
ಕಬ್ಬಿಣದ ಅದಿರು ಅರದು ಎರಕ ಹೊಯ್ದದ್ದಂತ,
ಒಂದೊಂದರ ಮೈಮ್ಯಾಲೂ ನಂಬರು.
ಗಾರಿ ಇಲ್ಲ, ಸಿಮೆಂಟಿಲ್ಲ, ಕ್ಯೂರಿಂಗಿಗೆ ನೀರಿಲ್ಲ,
ಒಂದರ ಹಲ್ಲು ಇನ್ನೊಂದರ ಬಾಯಾಗ.
ಐಹೊಳಿ ಗ್ವಾಡ್ಯಾಗ ಯಾವ ಸುಣ್ಣ ಐತಿ?
ಗುಡಿ ಕಟ್ಟಿದವರ ಪೈಕಿ ನಾವು ಅಂತಿದ್ದ ಅಪ್ಪ.
ಯಾವ ಗುಡಿ ಅಂತ ಕೇಳಿದ್ರ
ಎಲಿ ಉಗುಳಾಕ ಎದ್ದು ಹೋಗಾವ.

ನವನಗರದ ದವಾಖಾನಿ ಹಿಂದ,
ಮೊದಲು ಸೈಕಲ್ ನಿಲ್ಲಸೊ ಜಾಗಾ.
ಅಲ್ಲಿ ಒಂದು ಖೋಲಿ. ಕಿಟಕಿ ಇಲ್ಲ.

ತಸ್ನೀಮ್ ಬೀಳಗಿ, ಮಶೀನಿನ ಲೆಕ್ಕದ ಬಾಯಾರು,
ನನ್ನ ಮಗಳ ವಾರಗಿ,
ನೆಲದ ಮ್ಯಾಲ ಚಾಕ್‌ಪೀಸಿಲೆ ಗೆರಿ ಎಳದು ಹೇಳಿದ್ರು:
"ಅದು ನೆಟ್ಟಗ ಅಷ್ಟ ಓಡತೈತಿ, ಕಾಕಾ.
ಸಂದಿನ ಹಿಂದ ಸಂದು ಬಂತಂದ್ರ ಸಿಕ್ಕಿತು ಅದಕ್ಕ ಓಣಿ.
ಒಳಗ ಹೋಗೊ ಹಾದಿನೂ ಡೊಂಕ ಇರಲಿ,
ಎರಡು ಸಲ ಹೊರಳಿದ್ರ ಅದರ ಸೊಕ್ಕು ಇಳಿತೈತಿ."
ನಾ ಅಂದೆ, ಹಳೀ ಊರಿನ ಓಣಿಗೋಳು ಹಂಗ ಇದ್ದವು ಬಾಯಾರ,
ಬಿಸಲು ಸೈತ ದಾರಿ ತಪ್ಪತಿತ್ತು.

ಹಳೀ ಊರು. ಈಗ ಅರ್ಧ ನೀರಾಗ.
ಹಿನ್ನೀರು ಬರೂದಕ್ಕಿಂತ ಮೊದಲು ಅಪ್ಪ ಯಲಗೂರದಪ್ಪ
ತನ್ನ ಮನಿ ತಾನ ಬಿಚ್ಚಿದ.
ಕೆಡವಲಿಲ್ಲ. ಬಿಚ್ಚಿದ, ಅಂಗಿ ಗುಂಡಿ ಬಿಚ್ಚಿದಂಗ.
ಕಲ್ಲು ಕಲ್ಲಿಗೆ ಡಾಂಬರಿಲೆ ನಂಬರು ಬರದ,
ಒಂದು, ಎರಡು, ಮೂರು. ಹೊಸ್ತಿಲಕ್ಕ ಸೊನ್ನಿ.
ಹದಿನೇಳು ಟ್ರ್ಯಾಕ್ಟರ್ ಖೇಪು.
ಇಲ್ಲಿ ಇಳಿಸಿ ನೋಡಿದ್ರ ಮೂವತ್ತು-ನಲವತ್ತರ ಸೈಟು,
ಮನಿ ಅದರಾಗ ಹಿಡೀಲಿಲ್ಲ.
ನಂಬರ್ ಹೊತ್ತ ಕಲ್ಲು ಬೇಲಿ ಬುಡಕ ಬಿದ್ದವು,
ಕೆಲವು ಅರಬಿ ಒಗಿಯೊ ಕಲ್ಲಾದವು.
ಅಪ್ಪ ಹೋದ ಮ್ಯಾಲ
ಸೊನ್ನಿ ಒಂದು ನನ್ನ ಹಂತೇಕ ಉಳೀತು.

ಸುಳ್ಳ ಯಾಕ ಹೇಳಲಿ.
ಹನ್ನೊಂದನೆ ವರಸಿ, ಡೊಂಕು ಹಾದಿ ಮೂಲ್ಯಾಗ
ಅರ್ಧ ಬ್ಲಾಕಿನ ಜಾಗಾ ಇತ್ತು.
ಹೊಸ್ತಿಲ ಕಡದು, ಅಳತಿಗೆ ತಂದು, ಕೂಡಿಸಿದೆ.
ಯಾರೂ ನೋಡಲಿಲ್ಲ. ಮುಂದಿನ ವರಸಿ ಬಂದು ಮುಚ್ಚಿತು.
ಗ್ವಾಡಿ ಕಟ್ಟಾವ ಏನರೆ ಒಂದು ಇಟ್ಟ ಇಡತಾನ,
ಅರಿಷಿಣ ಕೊಂಬು, ಎರಡು ರೂಪಾಯಿ ಬಿಲ್ಲಿ.
ನಾ ನಮ್ಮ ಮನಿ ಇಟ್ಟೆ.
ಜಗತ್ತಿನ್ಯಾಗ ಅದಕ್ಕಿಂತ ವಜ್ಜಿ ಕಲ್ಲು ನಾ ಎತ್ತಿಲ್ಲ.

ಪರೀಕ್ಷಾ ದಿನ. ಒಳಗ ಮಶೀನು ಗುಂಯ್‌ಗುಟ್ಟಿತು.
ಬಾಯಾರು ಕೈಯಾಗ ಒಂದು ಪೆಟಗಿ ಹಿಡದು
ಗ್ವಾಡಿಗುಂಟ ನಡದ್ರು, ಗೇಣಿಗೊಮ್ಮೆ ನಿಂತು.
ಪೆಟಗಿ ಟಿಕ್ ಅನಲಿಲ್ಲ, ಪಿಟಕ್ ಅನಲಿಲ್ಲ.
ಮೂಲಿಗೆ ಬಂದ್ರು.
ಅಲ್ಲಿ ಅದು ಮಾತಾಡಿತು.

ಜೋರಾಗಲ್ಲ. ಮುದುಕಿ ನಿದ್ದ್ಯಾಗ ಹಲ್ಲು ಕಡದಂಗ.
ಬಾಯಾರು ನನ್ನ ಮಾರಿ ನೋಡಲಿಲ್ಲ,
ಕೈ ನೋಡಿದ್ರು.

ಬಿಚ್ಚೂದು ನನಗ ಗೊತ್ತಿತ್ತು.
ಎರಡು ತಾಸಿನ್ಯಾಗ ತುಂಡು ಹೊರಗ ಬಂತು,
ಸೊನ್ನಿಯ ಅರ್ಧ ಇನ್ನೂ ಕರ್ರಗ.
ತಕ್ಕಡ್ಯಾಗ ಇಟ್ಟು ತೋರಿಸಿದ್ರು:
ಅರ್ಧ ಬ್ಲಾಕಿನ ಅರ್ಧಕ್ಕಿಂತ ತುಸು ಹೆಚ್ಚು.
"ಕಲ್ಲು ಚೊಲೊದ ಐತಿ ಕಾಕಾ. ಹಗುರಾತು, ಅಷ್ಟ."
ಅವರಜ್ಜನ ಮನಿನೂ ಮುಳಗೇತಂತ,
ಆಮ್ಯಾಲ ಚಾ ಕುಡಿಯುವಾಗ ಹೇಳಿದ್ರು. ಒಂದ ಮಾತು.

ಸೋಮವಾರ ಮೊದಲ ಪೇಶಂಟು
ಗುಳೇದಗುಡ್ಡದ ಗುರುಸಂಗವ್ವ, ಖಣ ನೇಯೊ ಮನಿಯಾಕಿ.
ಗ್ವಾಡಿ ಮುಟ್ಟಿ, ಸಂದಿನ ಮ್ಯಾಲ ಬೆರಳು ಆಡಿಸಿ
"ಹೆಣಿಗಿ ಬಿಗಿ ಐತಿ" ಅಂದಳು.
ಡೊಂಕು ಹಾದಿ ಹಿಡದು ಒಬ್ಬಾಕಿನ ಒಳಗ ಹೋದಳು.
ಗಂಡ, ಮಗಳು, ಡಬ್ಬಿ ಹಿಡದ ತಂಗಿ, ಎಲ್ಲಾರೂ ಹೊರಗ.
ಒಳಗಿನದು ಹೊರಗ ಬರಬಾರದಂತ ಕಟ್ಟಿದ್ದೆ ನಾ.
ಹೊರಗಿನವರ ಲೆಕ್ಕ ಯಾರೂ ಕೊಟ್ಟಿರಲಿಲ್ಲ.
ಬಾಗಿಲ ಮ್ಯಾಲ ಕೆಂಪು ದೀಪ ಹತ್ತಿತು.

ತುಂಡು ಈಗ ನಮ್ಮ ಬಚ್ಚಲದಾಗ ಐತಿ.
ಹಿಮ್ಮಡ ತಿಕ್ಕಾಕ ಭಾಳ ಚೊಲೊ.