ಊರ ಹೊಟ್ಟಿ

ಕರೆಂಟ್ ಹೋತು.
ಗುಳೇದಗುಡ್ಡದ ನಮ್ಮ ಓಣ್ಯಾಗ ಒಂದೊಂದ ಮಗ್ಗ ಬಾಯಿ ಮುಚ್ಚಿ
ಕಡೀಕ ನಮ್ಮದೂ ಸುಮ್ಮನಾತು.
ಇಂಚಿಗೆ ಎಷ್ಟ ಎಳಿ ಅಂತ ಎಣಿಸೋ ಗಾಜು
ನನ್ನ ಕೈಯಾಗಿತ್ತು. ಹಾಸಿನ ಮ್ಯಾಲೆ ಬಗ್ಗಿದರ
ನಾ ಹೂಡದ ಎಳಿಯೊಂದು ತಾನಽ ನಡದಿತ್ತು:

ಇರುವಿ.
ಕಸಕಸಿ ಕಾಳಿನಷ್ಟ ಮೈ, ನಡಾ ಇದ್ದೂ ಇಲ್ಲದಂಗ.
ಗಂಜಿ ವಾಸನಿಗೆ ಬಂದಾವ,
ಗ್ವಾಡಿ ಬಿರುಕಿನಿಂದ ಹಾಸಿನ ತುದಿತನ.
ಇಂಚಿಗೆ ಹದಿನಾಕು. ಎಣಿಸೇನಿ.

ಬಾಗಲಕೋಟಿ ಕಾಲೇಜಿಗೆ ಹೋಗೋ ಬಾಜೂಮನಿ ಕಸ್ತೂರಿ
ಕಟ್ಟಿ ಮ್ಯಾಲೆ ಕುಂತು ಹೇಳತಾಳ:
ಇವೆಲ್ಲಾ ಹೆಣ್ಣ, ಅಕ್ಕಾ. ಒಬ್ಬ ತಾಯಿ ಮಕ್ಕಳು.
ಗಂಡಿಗೆ ಒಂದ ಹಾರಾಟ, ಆಮ್ಯಾಲೆ ಮಣ್ಣು.
"ನಿಮ್ಮ ಮಾವ ಬಾಳ ದಿನ ಇದ್ದ ಹಂಗಾರ"
ಅಂತ ಒಳಗಿಂದ ಅತ್ತಿ.

ತಾಯಿ ತನ್ನ ರೆಕ್ಕಿ ತಾನಽ ಮುರಕೋತಾಳ,
ಹಾರಿದ ಕಂಡಾನ ಮೈಯಾಗ ಕರಗಿಸಿ
ಮೊದಲ ಹಡದ ಮಕ್ಕಳಿಗೆ ಉಣಸ್ತಾಳ.
ಅವಕ್ಕ ಹೊಟ್ಟಿ ಎರಡು. ಒಂದ ತಂದು, ಒಂದ ಊರಿಂದು.
ಸಿಕ್ಕಿದ್ದೆಲ್ಲಾ ಮೊದಲ ಊರ ಹೊಟ್ಟಿಗೆ;
ನಡುವ ಒಂದ ಸಣ್ಣ ಕದ, ತನಗ ಬೇಕಾದಷ್ಟ ತೊಟಕ.
ಹಾದ್ಯಾಗ ಅಕ್ಕ-ತಂಗಿ ಎದುರಾದರ ಮೀಸಿ ಸವರಿ
"ಉಂಡಿ ಏನು" ಅಂತ ಕೇಳಿ ಸುಮ್ಮನಾಗಂಗಿಲ್ಲ,
ಬಾಯಿಗೆ ಬಾಯಿಟ್ಟು ಉಣಿಸೇ ಬಿಡತಾವ.

ಎಳೀವು ಒಳಗ ತತ್ತಿ ನೆಕ್ಕೋತ ಇರತಾವ.
ಬಿಸಲಾಗ, ಹಲ್ಲಿ ಬಾಯಿ ಮುಂದ, ಹೊರಗ ಹೋಗಾವು
ವಯಸ್ಸಾದವು. ಹೆಂಗೂ ಸಾಯಾವಲ್ಲಾ,
ಊರಿಗೆ ಲುಕ್ಸಾನ ಕಡಿಮಿ.

ಈ ಮಾತಿಗೆ ಅತ್ತಿ ನಗಲಿಲ್ಲ.
ಅಕಿಗೆ ಅರವತ್ತೆಂಟು. ನೇದ ಖಣ ಗಂಟು ಕಟ್ಟಿ
ಸಾವುಕಾರನ ಅಂಗಡಿಗೆ, ತಿರುಗಿ ನೂಲು ಹೊತ್ಕೊಂಡು,
ಹೋಗಿ ಬರಾಕಿ ಅಕಿನಽ.
ನಾ ಹೋಗತೀನಿ ಅಂತ
ಒಂದ ದಿನಾನೂ ಅಂದಿಲ್ಲ ನಾನು.

ಬೆರಳಿಂದ ಆ ಸಾಲಿನ ನಡುವ ಒರಸಿದೆ.
ಯಾಕ ಒರಸಿದೆನೋ.
ವಾಸನಿ ಹೋದಲ್ಲೆ ಹಾದಿ ಹೋತು.
ಇತ್ಲಾಗಿನವು ಇತ್ಲಾಗ, ಅತ್ಲಾಗಿನವು ಅತ್ಲಾಗ,
ನಡುವ ಬರೇ ಬೆರಳಿನಗಲ ಬಯಲು.
ಹೊಟ್ಟಿ ತುಂಬ ಊರ ಗಂಜಿ ಹೊತ್ತು
ದಂಡಿಗೆ ನಿಂತು ಮೀಸಿ ಆಡಸ್ತಾವ.

ಕರೆಂಟ್ ಬಂತು. ಓಣಿ ಗಡಗಡ ಎದ್ದಿತು.
ನಮ್ಮ ಮಗ್ಗ ಒಂದಽ ಸುಮ್ಮಕ.
"ಯಾಕ, ಏನಾತು?" ಅತ್ತಿ ಕೂಗಿದಳು.
ಎಳಿ ಹರದೈತಿ ಅತ್ತಿ,
ತಡಿ,
ಕೂಡೂತನ.